ಅರವತ್ತನಾಲ್ಕನೆಯ ಗರಿ

ಚಾಮರಾಜನಗರದ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ, ೧೯೫೬ನೆಯ ಇಸವಿಯ ಶ್ರಾವಣದ ಒಂದು ಗುರುವಾರವನ್ನು ಅವರು ಬಿಡುವಂತಿಲ್ಲ. ಅಂದು ಬೆಳಿಗ್ಗೆ ಏಳೂಕಾಲು ಗಂಟೆಗೆ ಹೈಸ್ಕೂಲಿನ ಕನ್ನಡ ಪಂಡಿತ ನೀಲಕಂಠಸ್ವಾಮಿಯವರು ಎರಡನೆಯ ಲೋಟದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಇಪ್ಪತ್ತೆರಡು ವರ್ಷದ ಸೇವಾವಧಿಯಲ್ಲಿ ಇಂಥದು ನಡೆದಿರಲಿಲ್ಲ. ಮಹಾಯುದ್ಧ ಶುರುವಾದ ಸುದ್ದಿಯನ್ನೂ ಅವರು ಲೋಟ ಖಾಲಿ ಮಾಡಿಯೇ ಕೇಳಿದ್ದರು.

"ಮುದ್ದಯ್ಯನವರೇ, ಇನ್ನೊಂದು ಸಲ ಹೇಳಿ. ಆ ಗರಿಯನ್ನು ನೀವು ಓದೋದೇ ಇಲ್ಲವಾ?"

ಎದುರಿಗೆ ಕೂತಿದ್ದ ತೆರಕಣಾಂಬಿಯ ಮುದ್ದಯ್ಯ ಕತ್ತಿನ ಮಫ್ಲರನ್ನು ಸರಿಮಾಡಿಕೊಂಡ. ಅವನು ಕಾವ್ಯ ಓದುವವನು. ಗುಂಡ್ಲುಪೇಟೆಯ ನಂಜೇದೇವಪ್ಪನವರ ಜಗಲಿಯಲ್ಲಿ ಪ್ರತಿ ಶ್ರಾವಣದ ಸಂಜೆ ‘ವಿಜಯಕೇತು ಚರಿತೆ’ ಎಂಬ ಓಲೆಗರಿ ಕಾವ್ಯವನ್ನು ರಾಗವಾಗಿ ಓದುವುದು ಅವನ ಪಾಲು. ಅರ್ಥ ಹೇಳುವುದು ನಂಜೇದೇವಪ್ಪನವರ ಪಾಲು.

"ಓದಕಿಲ್ಲ ಪಂಡಿತ್ರೇ. ಅರಸು ಪ್ರಾಣ ಬುಡೋ ಗರಿ ಅದು. ದೀಪದ ಮುಂದೆ, ಹೆಣ್ಮಕ್ಕಳು ಮರಿ ಕೂತಿರುವಾಗ, ಅದ ಯಾರಾದ್ರೂ ಬಾಯ್ಬಿಟ್ಟು ಓದಾರ? ಅರವತ್ಮೂರು ಮುಗೀತು ಅಂದ್ರೆ ನಾನು ಎರಡು ಗರಿ ಒಟ್ಗೆ ಮಗುಚ್ತಿನಿ. ಯಜಮಾನ್ರು ‘ಅರಸ ಶಿವೈಕ್ಯನಾದ’ ಅಂತ ಒಂದು ಮಾತಂದು ಮುಂದುಕ್ಕೆ ಹೋಯ್ತಿದ್ರು. ಮಗಂಗೆ ಪಟ್ಟ ಕಟ್ಟೋಗಂಟ ಓದಿ, ಆ ಮಂಗಳದಲ್ಲಿ ಬಿಲ್ವಪತ್ರೆ ಇಟ್ಟು ದಾರ ಸುತ್ತೋದು. ನಮ್ಮಪ್ಪನ ಕಾಲ್ದಿಂದ್ಲೂ ಹಂಗೇಯ."

"ಭಾನುವಾರ ಸಂಜೆ ಪತ್ರೆ ಇಟ್ಟದ್ದು ಎಷ್ಟನೇ ಗರಿಯಲ್ಲಿ?"

"ಎಪ್ಪತ್ತರಲ್ಲಿ. ಪಟ್ಟ ಕಟ್ಟೋ ಕಡೆ. ನಾನೇ ನನ್ ಕೈಯಾರ ಇಟ್ಟಿ. ಇನ್ನೆಲ್ಲಿಡಾನ?"

ಪಂಡಿತರು ಕೋಟಿನ ಜೇಬಿನಿಂದ ಚಿಕ್ಕ ಡೈರಿ ತೆಗೆದರು. ಮಂಗಳವಾರದ ಪುಟದಲ್ಲಿ ಅವರದೇ ಮುತ್ತಿನಂಥ ಅಕ್ಷರ: ‘ಒಟ್ಟು ಗರಿ ೧೧೨. ಹಲಗೆ ಎರಡು. ಬಿಲ್ವಪತ್ರೆ ಒಂದು, ಗರಿ ೬೪ರಲ್ಲಿ. ಇನ್ನೂ ಹಸಿರು.’

ಆಗ ಅದನ್ನು ಬರೆದದ್ದು ಅಭ್ಯಾಸಬಲದಿಂದ. ಅವರು ಎಲ್ಲವನ್ನೂ ಬರೆದಿಡುವವರು. ಯಾವುದನ್ನೂ ಮತ್ತೆ ಓದುವವರಲ್ಲ.

ನಡೆದದ್ದು ಇಷ್ಟು: ಸೋಮವಾರ ಬೆಳಿಗ್ಗೆ ನಂಜೇದೇವಪ್ಪನವರು ತಮ್ಮ ಪಡಸಾಲೆಯಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದರು, ಮನೆಯ ಆಳು ಪುಟ್ಟಮಾದಯ್ಯ ಆ ಓಲೆಗರಿ ಪುಸ್ತಕವನ್ನು ಕಂಬಳಿಯೊಳಗೆ ಮುಚ್ಚಿಕೊಂಡು ಹಿತ್ತಿಲಿನಿಂದ ಹೊರಗೆ ಬಂದದ್ದನ್ನು ನಾಲ್ಕು ಜನ ನೋಡಿದ್ದರು.

ಸೋಮವಾರ ಪೊಲೀಸರು ಅವನನ್ನು ಕೇಳಿ ಬಿಟ್ಟುಬಿಟ್ಟಿದ್ದರು. ಹಳೆಯ ಗರಿ, ಅಕ್ಷರ ಬಾರದ ಆಳು. ಅದಕ್ಕಾಗಿ ಯಾರು ಯಾರನ್ನು ಕೊಲ್ಲುತ್ತಾರೆ? ಮಂಗಳವಾರ ಸಬ್ ಇನ್ಸ್‌ಪೆಕ್ಟರು ಪುಸ್ತಕದ ಬಗ್ಗೆ ಪಂಡಿತರ ಅಭಿಪ್ರಾಯ ಬೇಡಿದರು. ಪಂಡಿತರು ಒಂದೂವರೆ ಪುಟ ಬರೆದುಕೊಟ್ಟರು. ಅದರಲ್ಲಿ ‘ಅಪೂರ್ವ’ ಎಂಬ ಮಾತು ಮೂರು ಸಲ, ‘ಬೆಲೆ ಕಟ್ಟಲಾಗದ್ದು’ ಎಂಬ ಮಾತು ಎರಡು ಸಲ ಬಂದಿತ್ತು. ಬುಧವಾರ ಸಂಜೆ ಆ ಒಂದೂವರೆ ಪುಟದ ಬಲದ ಮೇಲೆ ಪುಟ್ಟಮಾದಯ್ಯನನ್ನು ಲಾಕಪ್ಪಿಗೆ ಹಾಕಿದರು.

ಒಬ್ಬ ಪಂಡಿತನ ವಿಶೇಷಣ ಒಬ್ಬ ಮನುಷ್ಯನನ್ನು ಗಲ್ಲಿಗೆ ಏರಿಸಬಲ್ಲದು ಎಂದು ಯಾವ ಅಲಂಕಾರಶಾಸ್ತ್ರವೂ ಅವರಿಗೆ ಹೇಳಿರಲಿಲ್ಲ.

"ಇವತ್ತು ಎರಡು ಗಂಟೆ ಬಸ್ಸಿಗೆ ಅವುನ್ನ ಮೈಸೂರಿಗೆ, ಮ್ಯಾಜಿಸ್ಟ್ರೇಟ್ರ ತಾವಿಕ್ಕೆ ಕರ‍್ಕಂಡು ಹೋಯ್ತರಂತೆ," ಎಂದ ಮುದ್ದಯ್ಯ. "ಒಂದ್ಸಲ ಆ ಕಡೆ ಹೋದ್ಮೇಲೆ ಬಡವ ಎಲ್ಲಿ ತಿರುಗ್ದಾನು ಬುಡಿ."

ಪಂಡಿತರು ಚಪ್ಪಲಿ ಮೆಟ್ಟಿಕೊಂಡದ್ದು ಅದಲುಬದಲಾಗಿತ್ತು. ಬಸ್ ಸ್ಟ್ಯಾಂಡಿನವರೆಗೂ ಗೊತ್ತಾಗಲಿಲ್ಲ.

*

ಗುಂಡ್ಲುಪೇಟೆಯ ಬಸ್ಸಿನಲ್ಲಿ ಅವರಿಗೆ ಕೂರಲಾಗಲಿಲ್ಲ. ಜಾಗವಿತ್ತು, ಕೂತರು, ಎದ್ದರು, ಮತ್ತೆ ಕೂತರು. ಕಂಡಕ್ಟರು ಎರಡು ಸಲ ನೋಡಿ, ಮೂರನೆಯ ಸಲ "ಯಜಮಾನ್ರೇ, ಸೀಟ್‌ನಲ್ಲಿ ತಿಗಣೆ ಅದಾ?" ಎಂದು ಕೇಳಿದ.

ಹಿಂದಿನ ಸೀಟಿನಲ್ಲಿ ಇಬ್ಬರು ರಾಜ್ಯದ ಗಡಿಯನ್ನು ಇತ್ಯರ್ಥ ಮಾಡುತ್ತಿದ್ದರು.

"ಕೊಳ್ಳೇಗಾಲ ನಮ್ಗೇ ಬತ್ತದಂತೆ ಕಣ್ಲಾ."

"ಬರ‍್ಲಿ ಬುಡು. ಬಂದ್ರೆ ಎಲ್ಲಿ ಇಳಿಸ್ಕತ್ತಿಯೆ? ನಿನ್ ಜಗಲಿ ಮ್ಯಾಲಾ?"

ಪಂಡಿತರಿಗೆ ನಗು ಬರಲಿಲ್ಲ. ತೆರಕಣಾಂಬಿ ದಾಟುವ ಹೊತ್ತಿಗೆ ಅವರು ಮನಸ್ಸಿನಲ್ಲೇ ಪ್ರಶ್ನೆಪತ್ರಿಕೆ ತಯಾರಿಸಿದ್ದರು. ಎಪ್ಪತ್ತರಲ್ಲಿದ್ದ ಪತ್ರೆ ಅರವತ್ತನಾಲ್ಕಕ್ಕೆ ಬಂದದ್ದು ಹೇಗೆ? ಭಾನುವಾರ ಜನವೆಲ್ಲ ಎದ್ದುಹೋದ ಮೇಲೆ ಯಾರೋ ಪುಸ್ತಕ ಬಿಚ್ಚಿದ್ದಾರೆ. ಬಿಚ್ಚಿ, ಯಾರೂ ಓದದ ಗರಿಯನ್ನು ಓದಿದ್ದಾರೆ. ಓದಿ ನಿಲ್ಲಿಸಿದ ಕಡೆಯೇ ಪತ್ರೆ ಇಟ್ಟು ದಾರ ಸುತ್ತಿದ್ದಾರೆ.

ಜಗಲಿಯಲ್ಲಿ ಬೆಳೆದ ಯಾವನೂ ಸಾವಿನಲ್ಲಿ ಪತ್ರೆ ಇಡುವುದಿಲ್ಲ. ಅದು ಲೈಬ್ರರಿ ಪುಸ್ತಕ ಓದುವವರ ಕೈ. ಎಲ್ಲಿ ನಿದ್ದೆ ಬಂತೋ ಅಲ್ಲಿ ಗುರುತು.

*

ಸಬ್ ಇನ್ಸ್‌ಪೆಕ್ಟರ್ ರಂಗನಾಯಕ ಒಳ್ಳೆಯ ಮನುಷ್ಯ. ಮೀಸೆ ದೊಡ್ಡದು, ಸಹನೆ ಚಿಕ್ಕದು. ಪಂಡಿತರು ಹೇಳಿದ್ದನ್ನೆಲ್ಲ ಪೆನ್ಸಿಲಿನಿಂದ ಕಿವಿ ಕೆರೆದುಕೊಳ್ಳುತ್ತಾ ಕೇಳಿದ.

"ಪಂಡಿತರೇ, ನಾನು ರಕ್ತದ ಕಲೆ ಹುಡುಕ್ತಾ ಇದೀನಿ. ನೀವು ಪತ್ರೆ ತಂದಿದೀರಿ."

"ಒಂದೇ ಒಂದು ಸಲ ಅವನ ಜೊತೆ ಮಾತಾಡೋಕೆ ಬಿಡಿ."

"ಮಾತಾಡಿ. ಎರಡು ಗಂಟೆವರೆಗೂ ಅವನು ನಮ್ಮೋನೇ."

ಲಾಕಪ್ಪು ಹಿಂದುಗಡೆಯ ಅಂಗಳದ ಆಚೆ. ಪುಟ್ಟಮಾದಯ್ಯ ಕಂಬಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದವನು ಎದ್ದು ನಿಂತ. ಐವತ್ತರ ಮೇಲಿನ ವಯಸ್ಸು. ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ಬಾಗಿಲಿಗೆ ತಲೆ ತಗ್ಗಿಸಿ ನಡೆದವನ ಬೆನ್ನು.

"ಪುಟ್ಟಮಾದಯ್ಯ, ಪುಸ್ತಕ ಯಾಕಪ್ಪ ಎತ್ತಿಕೊಂಡೆ?"

"ದೀಪ ಉರುಳ್ಬಿದ್ದಿತ್ತು ಬುದ್ಧಿ. ಎಣ್ಣೆ ಅರ‍್ಕಂಡು ಅದರ ತಾವುಕ್ಕೇ ಬಂದಿತ್ತು. ಇನ್ನೊಂದ್ ಕಡಿಂದ ರಕ್ತ ಬಂದಿತ್ತು. ಯಜಮಾನ್ರ ಎತ್ತಿ ನೋಡ್ದಿ, ತಣ್ಣಗಾಗೋಗಿದ್ರು. ಇನ್ನ ಅದಾದ್ರೂ ಉಳೀಲಿ ಅಂತ ಎತ್ಕಂಡಿ. ಮೂವತ್ತು ವರ್ಷದಲ್ಲಿ ಅದ ಮುಟ್ಟಿದ್ದು ಅದೇ ಒಂದ್ಸಲ."

"ದಾರ ಬಿಚ್ಚಿದೆಯಾ?"

"ನಾ ಬಿಚ್ಬೌದಾ ಬುದ್ಧಿ?" ಅವನ ದನಿಯಲ್ಲಿ ದೂರು ಇರಲಿಲ್ಲ, ಸಣ್ಣ ಆಶ್ಚರ್ಯವಿತ್ತು. ಮೂವತ್ತು ಶ್ರಾವಣ ಅವನು ಜಗಲಿಯ ಕೆಳಗೆ, ಚಪ್ಪಲಿ ಬಿಡುವ ಕಡೆ ಕೂತು ಕೇಳಿದವನು.

"ಕಥೆ ಹೇಳು ನೋಡೋಣ. ಅರಸ ಯುದ್ಧ ಗೆದ್ದು ಬಂದದ್ದರಿಂದ."

ಅವನು ಹೇಳಿದ. ಕೈ ಕಟ್ಟಿಕೊಂಡೇ ಹೇಳಿದ. ವಿಜಯಕೇತು ಗೆದ್ದು ಡೇರೆಗೆ ಬಂದದ್ದು, ಆನೆಯಿಂದ ಇಳಿಯುವಾಗ ಮಾವುತನಿಗೆ ಮಾತ್ರ ಬೆನ್ನಿನ ಬಾಣ ಕಂಡದ್ದು, ಗೆಲುವಿನ ನಗಾರಿ ನಿಲ್ಲಿಸಬೇಡಿ ಎಂದು ಅರಸ ಹೇಳಿದ್ದು. ಪಂಡಿತರು ತರಗತಿಯಲ್ಲಿ ಇಷ್ಟು ಚೆನ್ನಾಗಿ ಒಂದು ಪಾಠವನ್ನೂ ಮಾಡಿರಲಿಲ್ಲ. ಅದು ಅವರಿಗೆ ಗೊತ್ತಾಯಿತು.

"ಬಾಣ ಬಿಟ್ಟವರು ಯಾರು?"

"ಅದ ಯಾರ‍್ಗೂ ಗೊತ್ತಿಲ್ಲ ಬುದ್ಧಿ. ಯಜಮಾನ್ರ ಒಂದ್ಸಲ ಕೇಳ್ದಿ. ‘ಕಥೇಲಿ ಎಲ್ಲಾನೂ ಕೇಳ್ಬಾರ್ದು ಕಣ ಪುಟ್ಟಮಾದ’ ಅಂದ್ರು."

"ಆಮೇಲೆ? ಅರಸ ಹೇಗೆ ಸತ್ತ?"

"ಶಿವೈಕ್ಯನಾದ."

"ಹೇಗೆ ಅಂದೆ."

"ಅಲ್ಲಿ ಮುದ್ದಯ್ನೋರು ಒಂದ್ಸಲ ಕೆಮ್ತರೆ ಬುದ್ಧಿ. ಕೆಮ್ಮಿ ಎರಡು ಗರಿ ಮಗುಚ್ತರೆ. ಆಮೇಕೆ ಮಗಂಗೆ ಪಟ್ಟ." ಪುಟ್ಟಮಾದಯ್ಯ ಸ್ವಲ್ಪ ನಕ್ಕ. "ನನ್ ಹೆಣ್ತಿ ಅಂತಿದ್ಲು, ಅರಸು ಸತ್ತಿದ್ದು ಬಾಣಕ್ಕಲ್ಲ, ಮುದ್ದಯ್ನೋರ ಕೆಮ್ಮಿಗೆ ಅಂತ."

ಪಂಡಿತರು ಬಹುತೇಕ ಓಡಿದರು. ಮುಂದಿನ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಪುಸ್ತಕ ಬಿಚ್ಚಿಸಿ, ಅರವತ್ತನಾಲ್ಕನೆಯ ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಂಗಳವಾರ ಅವರು ಮೊದಲ ಗರಿ ನೋಡಿದ್ದರು, ಕೊನೆಯ ಗರಿ ನೋಡಿದ್ದರು, ಉಳಿದದ್ದನ್ನು ಎಣಿಸಿದ್ದರು. ವಿದ್ವಾಂಸರು ಓದುವುದು ಹಾಗೆಯೇ.

ಆ ಗರಿಯಲ್ಲಿ ಆರು ಪದ್ಯ. ಓದಿ ಮುಗಿಸಿ ಅವರು ಮತ್ತೆ ಮೊದಲ ಪದ್ಯಕ್ಕೆ ಹೋದರು.

"ಏನಿದೆ?" ಎಂದ ರಂಗನಾಯಕ.

"ಗಾಯಗೊಂಡ ಅರಸನಿಗೆ ಅವನ ತಮ್ಮನೇ ನೀರು ತರುತ್ತಾನೆ. ಅರಸ ಅದನ್ನು ಕಣ್ಣಿಗೆ ಒತ್ತಿಕೊಂಡು, ಕುಡಿಯದೆ, ನೆಲಕ್ಕೆ ಬಿಡುತ್ತಾನೆ. ಪ್ರಾಣ ಹೋಗುತ್ತದೆ."

"ಅಷ್ಟೇನಾ? ಇಷ್ಟಕ್ಕೆ ಓದಬಾರದಾ?"

"ಅಷ್ಟೇ ಇರೋದು. ಮಿಕ್ಕಿದ್ದನ್ನ ನಾವು ಊಹಿಸಬೇಕು." ಪಂಡಿತರು ಗರಿಯನ್ನು ಕೆಳಗಿಟ್ಟರು. "ನೋಡಿ ಇನ್ಸ್‌ಪೆಕ್ಟರೇ. ಈ ನೀರಿನ ಮಾತು ಜಗಲಿಯಲ್ಲಿ ಯಾರ ಕಿವಿಗೂ ಬಿದ್ದಿಲ್ಲ. ಪ್ರತಿ ಇದೊಂದೇ. ಯಾರಿಗೆ ನೀರು ಗೊತ್ತೋ, ಅವನು ಈ ಗರಿ ಬಿಚ್ಚಿದವನು."

"ಯಜಮಾನರೇ ಓದಿಕೊಂಡಿರಬಹುದಲ್ಲ?"

"ಐದು ವರ್ಷದಿಂದ ಅವರ ಎರಡೂ ಕಣ್ಣಿಗೆ ಪೊರೆ. ಅರ್ಥ ಹೇಳುತ್ತಿದ್ದದ್ದು ನೆನಪಿನಿಂದ. ಹೆಂಡತಿಗೆ ಅಕ್ಷರ ಬರುವುದಿಲ್ಲ. ಮುದ್ದಯ್ಯ ಮಂಗಳ ಮಾಡಿ ಭಾನುವಾರವೇ ಊರಿಗೆ ಹೋದ. ಇನ್ನು ಆ ಮನೆಗೆ ಸೇರಿದ, ಹಳಗನ್ನಡ ಓದಬಲ್ಲ ಮನುಷ್ಯ ಒಬ್ಬನೇ."

ರಂಗನಾಯಕ ಫೈಲು ತಿರುವಿದ. "ಚಿಕ್ಕಮಲ್ಲಪ್ಪ, ಬಿ.ಎ. ಸತ್ತವರ ತಮ್ಮನ ಮಗ. ಸೋಮವಾರ ತಂತಿ ನೋಡಿಕೊಂಡು ಮಧ್ಯಾಹ್ನ ಮೈಸೂರಿಂದ ಬಂದೆ, ಆ ಪುಸ್ತಕವನ್ನು ಜನ್ಮದಲ್ಲಿ ಮುಟ್ಟಿಲ್ಲ ಅಂತ ಹೇಳಿಕೆ ಕೊಟ್ಟಿದಾನೆ. ಅವನು ಒಪ್ಪಿಕೋತಾನೆ ಅಂತೀರಾ?"

"ಕೇಳಿದರೆ ಒಪ್ಪುವುದಿಲ್ಲ," ಎಂದರು ಪಂಡಿತರು. "ಮೂರು ವರ್ಷ ನನ್ನ ಶಿಷ್ಯ. ‘ಪದ್ಯದ ಸ್ವಾರಸ್ಯ ತಿಳಿಸಿ’ ಅಂದರೆ ಎಲ್ಲರೂ ಅರ್ಧ ಪುಟ ಬರೆದರೆ ಅವನು ನಾಲ್ಕು ಪುಟ ಬರೆದು, ಕೊನೆಗೆ ‘ಪ್ರಶ್ನೆಯೇ ಸರಿಯಿಲ್ಲ’ ಅಂತ ಷರಾ ಹಾಕುತ್ತಿದ್ದ. ಬನ್ನಿ. ನೀವು ಸುಮ್ಮನೆ ಕೂತರೆ ಸಾಕು."

ಗಡಿಯಾರದಲ್ಲಿ ಹನ್ನೊಂದೂವರೆ.

*

ನಂಜೇದೇವಪ್ಪನವರ ಹೆಂಡತಿ ಶಾಂತಮಲ್ಲಮ್ಮನವರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಶನಿವಾರದಿಂದ ಪುಣಜನೂರಿನ ತಂಗಿಯ ಮನೆಯಲ್ಲಿದ್ದು, ಗಂಡನನ್ನು ಹೆಣವಾಗಿಯೇ ನೋಡಿದವರು. ಅತ್ತು ಮುಗಿದಿತ್ತು; ಈಗ ಬಂದವರಿಗೆ ಚಾಪೆ ಹಾಕುವುದೊಂದೇ ಕೆಲಸ.

"ಬನ್ನಿ ಮೇಷ್ಟ್ರೇ. ಕೂತ್ಕಳಿ. ಏ ಮಲ್ಲಪ್ಪ, ಯಾರು ಬಂದವ್ರೆ ನೋಡು."

ಚಿಕ್ಕಮಲ್ಲಪ್ಪ ಒಳಗಿನಿಂದ ಬಂದು ಪಂಡಿತರ ಕಾಲಿಗೆ ನಮಸ್ಕರಿಸಿದ. ಇಸ್ತ್ರಿ ಮಾಡಿದ ಜುಬ್ಬ, ಜೇಬಿನಲ್ಲಿ ಫೌಂಟನ್ ಪೆನ್ನು, ನಾಲ್ಕು ದಿನದ ಗಡ್ಡ. ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಸಬ್ ಇನ್ಸ್‌ಪೆಕ್ಟರನ್ನು ಕಂಡು ಒಂದು ಕ್ಷಣ ನಿಂತು, ಆಮೇಲೆ ಅವನಿಗೂ ಕೈಮುಗಿದ.

"ಏನೂ ಇಲ್ಲಪ್ಪ," ಎಂದರು ಪಂಡಿತರು. "ದೊಡ್ಡಪ್ಪನವರ ನೆನಪಿಗೆ ಪತ್ರಿಕೆಗೊಂದು ಲೇಖನ ಬರೀಬೇಕು ಅಂತಿದೀನಿ. ಕಾವ್ಯದ ತಾತ್ಪರ್ಯವನ್ನೂ ನಾಲ್ಕು ಮಾತಿನಲ್ಲಿ ಸೇರಿಸಿದೀನಿ. ನೀನು ಓದಿದ್ದರೆ..."

"ಎಲ್ಲಿ ಗುರುಗಳೇ. ದೊಡ್ಡಪ್ಪ ಮುಟ್ಟಗೊಡಲಿಲ್ಲ. ಹುಡುಗನಾಗಿದ್ದಾಗ ಜಗಲಿಯಲ್ಲಿ ಕೂತು ಕೇಳಿದ್ದಷ್ಟೇ. ಸಾಹೇಬರಿಗೂ ಹೇಳಿದ್ದೇನೆ."

"ಹೇಳಿದಾರೆ, ಹೇಳಿದಾರೆ," ಎಂದ ರಂಗನಾಯಕ.

"ಸರಿ, ಕೇಳು." ಪಂಡಿತರು ಡೈರಿ ತೆಗೆದು, ಅದರಲ್ಲಿ ಇಲ್ಲದ್ದನ್ನು ಓದತೊಡಗಿದರು. "‘ಈ ಕಾವ್ಯದ ತಿರುಳು ವಿಧಿಯ ಕುರುಡುತನ. ಯುದ್ಧದ ಗದ್ದಲದಲ್ಲಿ ಯಾರದೋ ಬಾಣ ಅರಸನಿಗೆ ತಗಲುತ್ತದೆ.’"

ಚಿಕ್ಕಮಲ್ಲಪ್ಪನ ಹುಬ್ಬು ಸ್ವಲ್ಪ ಅಲುಗಿತು.

"‘ತನ್ನನ್ನು ಕೊಂದವರು ಯಾರೆಂದು ತಿಳಿಯದೆಯೇ ಅವನು ಸಾಯುತ್ತಾನೆ. ಈ ಅಜ್ಞಾನವೇ ಅವನ ದುರಂತ.’"

ಚಿಕ್ಕಮಲ್ಲಪ್ಪ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ. "ಹಾಗೂ ಹೇಳಬಹುದು," ಎಂದ.

ಗುರುವಾಗಿ ಪಂಡಿತರಿಗೆ ನಾಚಿಕೆಯಾಗುತ್ತಿತ್ತು. ಆದರೂ ಪುಟ ತಿರುವಿದರು.

"‘ಮರಣದ ಸಂದರ್ಭದಲ್ಲಿ ಮಾತ್ರ ಕವಿಯ ಶಕ್ತಿ ಸೋತಿದೆ. ಆ ಪದ್ಯಗಳು ಸಪ್ಪೆ. ಬಹುಶಃ ಬೇರೆ ಯಾರೋ ಸೇರಿಸಿದವು.’"

"ಸಪ್ಪೆಯೇ?"

"ಸಪ್ಪೆ. ಏನೂ ಇಲ್ಲ ಅಲ್ಲಿ. ಅರಸ ಸುಮ್ಮನೆ ಸಾಯುತ್ತಾನೆ."

"ಗುರುಗಳೇ, ದಯವಿಟ್ಟು ಅದನ್ನು ಅಚ್ಚು ಹಾಕಿಸಬೇಡಿ!" ಚಿಕ್ಕಮಲ್ಲಪ್ಪ ಎದ್ದೇ ನಿಂತಿದ್ದ. "ಸುಮ್ಮನೆ ಸಾಯುತ್ತಾನೆಯೇ? ಇಡೀ ಕಾವ್ಯದ ಪ್ರಾಣ ಅಲ್ಲಿದೆ! ಅರಸನಿಗೆ ಗೊತ್ತಿತ್ತು. ಕವಿ ಅದನ್ನು ಹೇಳುವುದಿಲ್ಲ, ತೋರಿಸುತ್ತಾನೆ. ‘ತಮ್ಮ ತಂದುದಕವನು ಕಣ್ಗಳಿಗೊತ್ತಿ ನೆಲಕೆರೆದ’. ನೀರನ್ನು ಬೇಡ ಅನ್ನಲಿಲ್ಲ. ಬೈಯಲಿಲ್ಲ. ಎಲ್ಲರ ಎದುರಿಗೆ ತಮ್ಮನನ್ನು ಹಿಡಿದುಕೊಡಲೂ ಇಲ್ಲ. ಕಣ್ಣಿಗೆ ಒತ್ತಿಕೊಂಡ, ಕುಡಿಯದೆ ಬಿಟ್ಟ. ಬಾಣ ಯಾರದ್ದು ಅಂತ ಹೇಳೋಕೆ ಇದಕ್ಕಿಂತ ಇನ್ನೇನು ಬೇಕು? ಇದನ್ನು ಸಪ್ಪೆ ಅಂದರೆ..."

ಪಂಡಿತರು ಡೈರಿ ಮುಚ್ಚಿದರು. ಉತ್ತರಕ್ಕೆ ನೂರಕ್ಕೆ ನೂರು ಕೊಡಬೇಕಾಗಿತ್ತು.

ರಂಗನಾಯಕನ ಪೆನ್ಸಿಲು ಕಿವಿಯಲ್ಲೇ ನಿಂತಿತು. ಆದರೆ ಮೊದಲು ಮಾತಾಡಿದವರು ಶಾಂತಮಲ್ಲಮ್ಮ.

"ನೀರಾ? ಯಾವ ನೀರು ಮಗ?" ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. "ನಲವತ್ತು ವರ್ಷದಿಂದ ಕೇಳಿವ್ನಿ ನಾನು. ಅದ್ರಲ್ಲಿ ನೀರಿನ ಮಾತೇ ಬರಾಕಿಲ್ವಲ್ಲ."

ಚಿಕ್ಕಮಲ್ಲಪ್ಪ ಮೊದಲು ದೊಡ್ಡಮ್ಮನನ್ನು ನೋಡಿದ. ಆಮೇಲೆ ಗುರುಗಳನ್ನು ನೋಡಿದ. ನಿಧಾನವಾಗಿ ಕೂತ.

"ಗುರುಗಳೇ," ಎಂದ, "ಇದು ಅನ್ಯಾಯ."

"ಹೌದಪ್ಪ," ಎಂದರು ಪಂಡಿತರು. "ಭಾನುವಾರ ಬಂದಿದ್ದೆಯಾ?"

"ಬಂದಿದ್ದೆ. ಕೊನೆಯ ಬಸ್ಸಿಗೆ. ದೊಡ್ಡಪ್ಪನೇ ಬರಹೇಳಿದ್ದರು. ಹುಡುಗನಾಗಿದ್ದಾಗ ಅವರು ಆ ಗರಿಯನ್ನು ಕದ್ದು ಓದಿದ್ದರಂತೆ. ಕಣ್ಣು ಹೋದ ಮೇಲೆ ಅದು ಸರಿಯಾಗಿ ನೆನಪಾಗದೆ ಒದ್ದಾಡುತ್ತಿದ್ದರು. ಮುದ್ದಯ್ಯ ಓದುವುದಿಲ್ಲ. ನೀನು ಒಂದು ಸಲ ಓದು, ಯಾರಿಗೂ ಹೇಳಬೇಡ ಅಂದರು. ಓದಿದೆ."

"ಆಮೇಲೆ?"

"ಆಮೇಲೆ ಅರ್ಥದ ಮೇಲೆ ಮಾತು ಬೆಳೆಯಿತು. ಅರಸನಿಗೆ ಗೊತ್ತಿರಲಿಲ್ಲ, ಬಾಯಾರಿಕೆ ಮೀರಿದವನು ಹಾಗೆ ಮಾಡುತ್ತಾನೆ ಅಂದರು ಅವರು. ಗೊತ್ತಿತ್ತು ಅಂದೆ ನಾನು. ಬಿ.ಎ. ಓದಿದವನಿಗೆ ಅಣ್ಣತಮ್ಮಂದಿರ ವಿಷಯ ಏನು ಗೊತ್ತು ಅಂದರು. ನಾನೂ ಒಂದೆರಡು ಅಂದೆ."

"ಹೊಡೆದೆಯಾ?" ಎಂದ ರಂಗನಾಯಕ.

"ಇಲ್ಲ! ಪತ್ರೆ ಇಟ್ಟು, ದಾರ ಸುತ್ತಿ, ಚೀಲ ಎತ್ತಿಕೊಂಡು ಹೊರಟೆ. ಕಲ್ಲಿಕೋಟೆ ಕಡೆಯಿಂದ ಮೈಸೂರಿಗೆ ಹೋಗುವ ಮರದ ಲಾರಿ ಸಿಕ್ಕಿತು. ನಾನು ಬಾಗಿಲು ದಾಟುವಾಗಲೂ ದೊಡ್ಡಪ್ಪ ನನ್ನ ಮೇಲೆ ಕೂಗುತ್ತಿದ್ದರು. ಕೂಗುವವರು ಬದುಕಿರಲೇಬೇಕಲ್ಲ ಗುರುಗಳೇ?"

"ಯಾಕೆ ಮುಚ್ಚಿಟ್ಟೆ?"

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿದ. ಹೆದರಿಕೆ ಎಲ್ಲರಿಗೂ ಗೊತ್ತಿರುವ ಉತ್ತರವೇ. ಬಾಯಿ ಬಿಟ್ಟು ಹೇಳುವಂಥದ್ದಲ್ಲ.

"ನೀನು ಬಂದಾಗ ಬಾಗಿಲು ತೆಗೆದವರು ಯಾರು?"

"ಪುಟ್ಟಮಾದಯ್ಯ."

ಪಂಡಿತರು ಸಬ್ ಇನ್ಸ್‌ಪೆಕ್ಟರ ಮುಖ ನೋಡಿದರು. ನಾಲ್ಕು ದಿನದಿಂದ, ಲಾಕಪ್ಪಿನ ಒಂದು ರಾತ್ರಿಯನ್ನೂ ಸೇರಿಸಿ, ಆ ಆಳು ಚಿಕ್ಕಮಲ್ಲಪ್ಪನ ಹೆಸರನ್ನು ಹೇಳಿರಲಿಲ್ಲ.

ಶಾಂತಮಲ್ಲಮ್ಮ ಚಾಪೆಯ ಅಂಚಿನ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. "ಬಂದಿದ್ದೋನು ಒಂದು ಮಾತು ಹೇಳ್ಬಾರ್ದಾಗಿತ್ತಾ ಮಗ," ಎಂದರು.

*

ಠಾಣೆಗೆ ಬರುವಾಗ ಒಂದೂ ಇಪ್ಪತ್ತು. ಚಿಕ್ಕಮಲ್ಲಪ್ಪನನ್ನು ಮುಂದಿನ ಕೋಣೆಯ ಬೆಂಚಿನ ಮೇಲೆ ಕೂರಿಸಿ ಒಬ್ಬ ಕಾನ್‌ಸ್ಟೇಬಲನ್ನು ಕಾವಲಿಟ್ಟರು. ಪಂಡಿತರು ಅಂಗಳ ದಾಟಿದ್ದು ರಂಗನಾಯಕನಿಗಿಂತ ನಾಲ್ಕು ಹೆಜ್ಜೆ ಮುಂದೆ.

"ಪುಟ್ಟಮಾದಯ್ಯ! ಯಾಕಪ್ಪ ಹೇಳಲಿಲ್ಲ? ಅವನು ಬಂದಿದ್ದ. ನೀನೇ ಬಾಗಿಲು ತೆಗೆದೆ."

"ಯಾರು ಅಂದೋರು?"

"ಅವನೇ ಒಪ್ಪಿಕೊಂಡ."

"ಚಿಕ್ಬುದ್ಧಿಯೋರೇ ಹೇಳ್ಬುಟ್ರಾ?" ಪುಟ್ಟಮಾದಯ್ಯ ಕಂಬಿಯನ್ನು ಹಿಡಿದುಕೊಂಡ. "ಎಲ್ಲವ್ರೆ ಈಗ?"

"ಆಚೆ ಇದಾನೆ. ನೀನು ಹೊರಗೆ ಬರಬಹುದು. ಬೀಗ ತೆಗೀರಿ ಇನ್ಸ್‌ಪೆಕ್ಟರೇ."

ರಂಗನಾಯಕ ಬೀಗದ ಕೈ ಹಾಕಿದ. ಬಾಗಿಲು ತೆರೆಯಿತು. ಪುಟ್ಟಮಾದಯ್ಯ ಹೊರಗೆ ಬರಲಿಲ್ಲ.

"ಅವ್ರ ಒಳಿಕ್ಕೆ ಹಾಕ್ತೀರಾ ಬುದ್ಧಿ?"

"ನೋಡಬೇಕು. ವಿಚಾರಣೆ ಆಗಬೇಕು."

"ಆ ಮಗೀನ ನಾನು ಹೆಗಲ ಮ್ಯಾಲೆ ಎತ್ಕಂಡು ಇಸ್ಕೂಲ್ಗೆ ಬುಟ್ಟಿವ್ನಿ," ಎಂದ ಪುಟ್ಟಮಾದಯ್ಯ, ಯಾರಿಗೂ ಅಲ್ಲದೆ. ಕಂಬಳಿಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡ. ಆಮೇಲೆ, ಹೊಲಕ್ಕೆ ನೀರು ಬಿಟ್ಟೆ ಎನ್ನುವವನ ದನಿಯಲ್ಲಿ ಹೇಳಿದ: "ಅವ್ರ ಬುಟ್ಬುಡಿ. ಯಜಮಾನ್ರ ಒಡ್ದಿದ್ದು ನಾನು."

"ಸುಳ್ಳು!" ಎಂದರು ಪಂಡಿತರು.

"ನಾನೇ ಬುದ್ಧಿ."

"ಅವನನ್ನ ಉಳಿಸೋಕೆ ಹೇಳ್ತಿದಾನೆ! ಇನ್ಸ್‌ಪೆಕ್ಟರೇ, ಒಂದನೇ ತರಗತಿ ಮಗುವಿಗೂ ಅರ್ಥ ಆಗುತ್ತೆ!"

"ಪಂಡಿತರೇ," ಎಂದ ರಂಗನಾಯಕ, "ಅವನು ಹೇಳ್ತಿರೋದು ಪದ್ಯ. ನೀವು ಹೇಳ್ತಿರೋದು ವ್ಯಾಖ್ಯಾನ. ಮ್ಯಾಜಿಸ್ಟ್ರೇಟರು ಮೊದಲು ಪದ್ಯ ಕೇಳ್ತಾರೆ." ಅವನು ನೋಟ್ ಪುಸ್ತಕ ತೆಗೆದ. ಮುಖ ಗೆದ್ದವನದ್ದಾಗಿರಲಿಲ್ಲ. "ಯಾತರಿಂದ ಹೊಡೆದೆ?"

"ಕೈಗೆ ಸಿಕ್ದುದ್ರಲ್ಲಿ."

"ಯಾಕೆ ಹೊಡೆದೆ? ಸರಿಯಾಗಿ ಹೇಳು. ಮೂವತ್ತು ವರ್ಷ ಅವರ ಅನ್ನ ತಿಂದಿದೀಯ."

ಪುಟ್ಟಮಾದಯ್ಯ ಹೆಗಲ ಕಂಬಳಿಯನ್ನು ಇಳಿಸಿ ಮತ್ತೆ ಮಡಿಸತೊಡಗಿದ. ಈಗ ಹುಡುಕುತ್ತಾನೆ, ಸಿಕ್ಕುವುದಿಲ್ಲ, ಸುಳ್ಳು ಬಯಲಾಗುತ್ತದೆ ಎಂದು ಪಂಡಿತರು ಕಾದರು.

"ಚಿಕ್ಬುದ್ಧಿಯೋರು ಓದ್ತಾ ಇದ್ರಲ್ಲ," ಎಂದ ಅವನು. "ನಾನು ಬಾಗಲ ಹಿಂದ್ಗಡೆ ನಿಂತಿದ್ದಿ. ಅರಸು ನೀರ ಕಣ್ಗೊತ್ಕಂಡ. ಕುಡೀದೆ ನೆಲಕ್ಕೆ ಬುಟ್ಬುಟ್ಟ." ಅವನು ಪಂಡಿತರ ಕಡೆ ತಿರುಗಿದ. "ಮೂವತ್ತು ವರ್ಷ ಕಾದಿದ್ದಿ ನಾನು, ಆ ಒಂದು ಗರೀಗೆ. ಕೇಳ್ದೋನ್ಗೂ ಹೇಳ್ನಿಲ್ಲ ಅವ್ರು."

ರಂಗನಾಯಕ ಬರೆದುಕೊಂಡ.

ಪಂಡಿತರು ಕಂಬಿಗೆ ಕೈ ಊರಿ ನಿಂತರು. ನೀರಿನ ಮಾತನ್ನು ಈ ಅಂಗಳದಲ್ಲಿ ಯಾರೂ ಆಡಿರಲಿಲ್ಲ. ಆಡಿದ್ದು ಬಾಗಿಲು ಹಾಕಿದ ಮುಂದಿನ ಕೋಣೆಯಲ್ಲಿ, ಆಮೇಲೆ ನಂಜೇದೇವಪ್ಪನವರ ಪಡಸಾಲೆಯಲ್ಲಿ. ಬೆಳಿಗ್ಗೆ ಇದೇ ಮನುಷ್ಯ, ಇದೇ ಜಾಗದಲ್ಲಿ, ಕೆಮ್ಮಿನ ಮಾತು ಹೇಳಿ ನಕ್ಕಿದ್ದ. ಯಾರಿಗೆ ನೀರು ಗೊತ್ತೋ ಅವನು ಎಂದು ಸೂತ್ರ ಕಟ್ಟಿದವರು ತಾವೇ. ಈಗ ಆ ಸೂತ್ರಕ್ಕೆ ಇಬ್ಬರು ಸಿಕ್ಕಿದ್ದರು. ಅವನು ಬಾಗಿಲ ಹಿಂದೆ ನಿಂತು ಕೇಳಿದ್ದು ನಿಜ; ಹೊಡೆದದ್ದೂ ನಿಜವೋ ಎಂದು ಯಾವ ಗರಿಯೂ ಹೇಳುವಂತಿರಲಿಲ್ಲ.

"ಮ್ಯಾಜಿಸ್ಟ್ರೇಟರ ಮುಂದೆ ಇದನ್ನೇ ಹೇಳ್ತೀಯಾ?"

"ಹೇಳ್ತಿನಿ ಬುದ್ಧಿ."

"ಪುಟ್ಟಮಾದಯ್ಯ," ಎಂದರು ಪಂಡಿತರು. ಅಷ್ಟರಲ್ಲಿ ರಂಗನಾಯಕ ನೋಟ್ ಪುಸ್ತಕ ಮುಚ್ಚಿದ್ದ.

ಎರಡು ಗಂಟೆಯ ಬಸ್ಸು ಎರಡೂ ಹತ್ತಕ್ಕೆ ಹೊರಟಿತು. ಪುಟ್ಟಮಾದಯ್ಯನನ್ನು ಅದರಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು. ಚಿಕ್ಕಮಲ್ಲಪ್ಪನನ್ನು ಮನೆಗೆ ಕಳಿಸಿದರು.